ಚಿಕ್ಕಪ್ಪನ ಔಷಧಿ ಮಷಿನ್‌ಗೆ ಲ್ಯಾಪ್‌ಟಾಪ್ ಸೆಲ್

ಮುಳಬಾಗಿಲು ಹತ್ತಿರ ನಮ್ಮ ಚಿಕ್ಕಪ್ಪನದು ಒಂದೂವರೆ ಎಕರೆ ಟೊಮೊಟೊ. ಮೋಡ ಕವಿದು ನಾಲ್ಕು ದಿನ ತುಂತುರು ಹಿಡಿದರೆ ಅಂಗಮಾರಿ ಬಂತು ಅಂತಲೇ ಲೆಕ್ಕ. ಅಂಥದ್ದೇ ಒಂದು ದಿನ ಅವರ ಬೆನ್ನ ಮೇಲಿನ ಬ್ಯಾಟರಿ ಸ್ಪ್ರೇಯರ್ ಐದನೇ ಟ್ಯಾಂಕಿಗೇ ಕೈಕೊಟ್ಟಿತು. "ಬೆಂಗಳೂರಲ್ಲಿ ಅದೇನೋ ಹೊಗೆ ಮಷಿನ್ ಮಾಡ್ತಿದ್ದೆಯಲ್ಲೋ, ಇದೊಂದು ಮಾಡಿಕೊಡು ನೋಡೋಣ" ಅಂದರು.

ಹೊಗೆ ಮಷಿನ್ ಅಂದರೆ ವೇಪ್, ಅದೇ ಇ-ಸಿಗರೇಟು. 2015ರ ಸುಮಾರಿಗೆ ನಮ್ಮ ರೂಮಿನಲ್ಲಿ ಎಲ್ಲರಿಗೂ ಅದರ ಹುಚ್ಚು. ಒಂದು ಲೋಹದ ಕೊಳವೆ, ಒಂದು ಬಟನ್, ಒಂದು ಸೆಲ್, ಕಾಂತಾಲ್ ಅನ್ನೋ ಬಿಸಿಯಾಗುವ ತಂತಿ ಸುತ್ತಿದ ಕಾಯಿಲ್, ಅಷ್ಟೇ. ನಡುವೆ ಸರ್ಕ್ಯೂಟ್ ಅನ್ನೋದೇ ಇರಲಿಲ್ಲ. ತುಂಬಿದ ಸೆಲ್ 4.2 ವೋಲ್ಟ್. ಅರ್ಧ ಓಮ್ ಕಾಯಿಲ್ ಹಾಕಿದರೆ 8.4 ಆಂಪ್ಸ್ ಎಳೆಯುತ್ತದೆ, ಕಾಲು ಓಮ್ ಆದರೆ ಅದರ ಎರಡರಷ್ಟು. ಸೆಲ್ಲಿಗೆ ತಡೆಯುತ್ತೋ ಇಲ್ಲವೋ ಕೇಳುವವರಿಲ್ಲ. ಒಬ್ಬ ಬಿಡಿ ಸೆಲ್ಲನ್ನು ಬೀಗದ ಕೈ ಜೊತೆ ಜೇಬಿಗೆ ಹಾಕಿಕೊಂಡು, ಬಸ್ ಸ್ಟಾಪಿನಲ್ಲೇ ಪ್ಯಾಂಟು ಬಿಚ್ಚಬೇಕಾಗಿ ಬಂತು. ತೊಡೆ ಮೇಲೆ ಗುರುತು ಇನ್ನೂ ಇದೆ. 2016ರಲ್ಲಿ ನಮ್ಮ ರಾಜ್ಯ, 2019ರಲ್ಲಿ ಕೇಂದ್ರ ಅದನ್ನೆಲ್ಲ ನಿಷೇಧ ಮಾಡಿದವು. ಈಗ ತಯಾರಿಸುವುದೂ ಅಪರಾಧ, ಮಾರುವುದೂ ಅಪರಾಧ. ನಾನು ಅದಕ್ಕೆ ಮೊದಲೇ ಬಿಟ್ಟಿದ್ದೆ. ಬಿಡದೆ ಉಳಿದದ್ದು ಆ ಸೆಲ್ಲಿನ ಮೇಲಿನ ಭಯ ಮಾತ್ರ.

ಆ ಲಿಥಿಯಂ ಸೆಲ್ಲಿನ ಹೆಸರು 18650. ಅಡ್ಡಗಲ 18 ಮಿಲಿಮೀಟರ್, ಉದ್ದ 65, ಅದಕ್ಕೇ ಆ ಹೆಸರು. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಇರುವುದೂ ಇದೇ, ಸಾಮಾನ್ಯವಾಗಿ ಆರು. ಬ್ಯಾಟರಿ ಸತ್ತಿದೆ ಅಂತ ಎಸೆದಿರುತ್ತಾರೆ. ಎಷ್ಟೋ ಸಲ ಸತ್ತಿರುವುದು ಒಂದು ಜೋಡಿ, ಉಳಿದ ನಾಲ್ಕು ಗಟ್ಟಿಯಾಗೇ ಇರುತ್ತವೆ. ಅಂಥವನ್ನೇ ಸೇರಿಸಿ ಸ್ಪ್ರೇಯರಿಗೆ ಹೊಸ ಬ್ಯಾಟರಿ ಕಟ್ಟೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿಯವನ ಹತ್ತಿರ ಐದು ಪ್ಯಾಕ್ ತಂದೆ. ಒಟ್ಟು 30 ಸೆಲ್.

ಬಿಚ್ಚುವಾಗ ಸ್ಕ್ರೂಡ್ರೈವರ್ ಚುಚ್ಚಬಾರದು, ಸೆಲ್ಲಿಗೆ ತಗುಲಿದರೆ ಮುಗಿಯಿತು. ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಎಬ್ಬಿಸಿ, ನಿಕ್ಕಲ್ ಪಟ್ಟಿಯನ್ನು ನೋಸ್ ಪ್ಲೈಯರ್‌ನಲ್ಲಿ ಬಾಳೆಪಟ್ಟೆ ಸುಲಿದಂತೆ ನಿಧಾನವಾಗಿ ಸುತ್ತಿ ತೆಗೆಯಬೇಕು. ಪಕ್ಕದಲ್ಲಿ ಒಂದು ಬಕೆಟ್ ಮರಳು. ಆದರೂ ನಾನು ಸುಟ್ಟುಕೊಂಡೆ. ಈ ಸೆಲ್ಲಿನ ಮೈಯೆಲ್ಲ ಮೈನಸ್ಸೇ. ಪ್ಲಸ್ ತುದಿಯ ಸುತ್ತಲಿನ ಅಂಚು ಕೂಡ ಮೈನಸ್. ನಡುವೆ ಇರುವುದು ಒಂದು ತೆಳು ಹೊದಿಕೆ. ಅದು ಹರಿದಿದ್ದ ಕಡೆ ಪಟ್ಟಿ ಬಗ್ಗಿ ತಾಗಿತು. ಚರ್ ಅಂತ ಒಂದೇ ಸದ್ದು, ಹೆಬ್ಬೆರಳಿನ ಮೇಲೆ ಪಟ್ಟಿಯ ಅಗಲಕ್ಕೆ ಸರಿಯಾಗಿ ಬಿಳೀ ಗೆರೆ. ಆಮೇಲೆ ಪ್ರತಿ ಪ್ಲಸ್ ತುದಿಗೂ ಮೊದಲು ಕಾಗದದ ಉಂಗುರ ಅಂಟಿಸಿ, ಆಮೇಲೆ ಮುಂದಿನ ಕೆಲಸ.

ಇನ್ನು ಆಯ್ಕೆ. ನನ್ನ ಪ್ರಕಾರ ಕೆಲಸ ಅಂದರೆ ಇದೇ, ಉಳಿದದ್ದೆಲ್ಲ ಕೈಚಳಕ. ಮೀಟರಿನಲ್ಲಿ 2 ವೋಲ್ಟಿಗಿಂತ ಕೆಳಗೆ ತೋರಿಸಿದ್ದನ್ನು ಎತ್ತಿಟ್ಟೆ. ಅಂಥದ್ದನ್ನು ಚಾರ್ಜ್ ಮಾಡಿ ಬದುಕಿಸುವ ಸಾಹಸ ಬೇಡ. ಉಳಿದದ್ದನ್ನು ಒಂದೊಂದಾಗಿ 4.2ರವರೆಗೆ ತುಂಬಿಸಿದೆ. ತುಂಬುವಾಗ ಕೈಗೆ ಬಿಸಿ ತಾಗಿದ್ದು ಹೊರಕ್ಕೆ. ಆಮೇಲೆ ಎರಡು ವಾರ ಏನೂ ಮಾಡದೆ ಶೆಲ್ಫಿನಲ್ಲಿಟ್ಟೆ. ಎರಡು ವಾರದ ಮೇಲೂ 4.15 ಇದ್ದರೆ ಅದು ನಮ್ಮದು. 4ಕ್ಕಿಂತ ಇಳಿದಿದ್ದರೆ ಒಳಗೊಳಗೇ ಸೋರುತ್ತಿದೆ ಅಂತ ಅರ್ಥ. ಈ ಎರಡು ವಾರ ಎಲ್ಲರಿಗೂ ಬೇಜಾರು, ಚಿಕ್ಕಪ್ಪನಿಗಂತೂ ಸಿಟ್ಟು. ಕಡೆಗೆ ಕೆಪಾಸಿಟಿ ತೋರಿಸುವ ಚಾರ್ಜರಿಗೆ ಹಾಕಿ, 1800 ಮಿಲಿಆಂಪ್‌ಅವರ್ ಆಸುಪಾಸಿನ 12 ಆರಿಸಿದೆ. 30ರಲ್ಲಿ ದಕ್ಕಿದ್ದು 14, ಎರಡು ಮಿಕ್ಕವು.

ನಾಲ್ಕು ನಾಲ್ಕರ ಮೂರು ಗುಂಪು, ಗುಂಪುಗಳು ಒಂದರ ಹಿಂದೆ ಒಂದು. ತುಂಬಿದರೆ 12.6 ವೋಲ್ಟ್, ಸುಮಾರು 7 ಆಂಪ್‌ಅವರ್. ನಾಲ್ಕು ಗುಂಪು ಮಾಡಿದರೆ 16.8 ಆಗಿ ಪಂಪಿನ ಮೋಟರಿಗೆ ಜಾಸ್ತಿಯಾಗುತ್ತದೆ. ಪಂಪು ಎಳೆಯುವುದು 3 ಆಂಪ್ಸ್ ಒಳಗೆ. ನಾಲ್ಕು ಸೆಲ್‌ಗೆ ಹಂಚಿದರೆ ತಲಾ ಮುಕ್ಕಾಲೂ ಬರುವುದಿಲ್ಲ. ಕಾಯಿಲ್ ಕಾಲದಲ್ಲಿ ಒಂದೇ ಸೆಲ್ಲಿನಿಂದ ಎಳೆಯುತ್ತಿದ್ದುದನ್ನು ನೆನೆಸಿಕೊಂಡರೆ ಇದು ಅದಕ್ಕೆ ನಿದ್ದೆ ಮಾಡಿದಂತೆ.

ಸೆಲ್ಲುಗಳನ್ನು ಜೋಡಿಸುವ ನಿಕ್ಕಲ್ ಪಟ್ಟಿಗೆ ಬೆಸುಗೆ ಕಡ್ಡಿಯಿಂದ ಬೆಸುಗೆ ಹಾಕಬೇಡಿ, ಆ ಬಿಸಿ ಸೆಲ್ಲಿನ ಒಳಕ್ಕಿಳಿಯುತ್ತದೆ. ನಾನು ಕ್ಷಣಮಾತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಅಂಟಿಸುವ ಚಿಕ್ಕ ಸ್ಪಾಟ್ ವೆಲ್ಡರ್ ತಂದೆ. ನಿಕ್ಕಲ್ ಪಟ್ಟಿ ಅಂತ ಕೊಡುವವರು ಎಷ್ಟೋ ಸಲ ನಿಕ್ಕಲ್ ಬಳಿದ ಕಬ್ಬಿಣ ಕೊಡುತ್ತಾರೆ. ಒಂದು ತುಂಡನ್ನು ಕೆರೆದು ರಾತ್ರಿ ಉಪ್ಪುನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ತುಕ್ಕು ಕಂಡರೆ ಬಣ್ಣ ಬಯಲು. ನನಗೆ ಬಯಲಾಗಿ, ಮತ್ತೆ ಬೆಂಗಳೂರಿಗೆ ಹೋಗಿ ಬಂದೆ.

ಬಿಎಮ್‌ಎಸ್ ಬೋರ್ಡ್, ಅಂದರೆ ಚಾರ್ಜು ಮಿತಿ ಮೀರಿದರೆ ತಾನೇ ಕಟ್ ಮಾಡುವ ಕಾವಲು ಸರ್ಕ್ಯೂಟ್, ಬಿಟ್ಟು ಇದನ್ನು ಮಾಡಲೇಬಾರದು. ಅದಕ್ಕೆ ತಂತಿ ಸೇರಿಸುವ ಮೊದಲು ಮೀಟರ್ ಹಿಡಿದು ಮೈನಸ್ಸಿನಿಂದ 4, 8, 12 ಅಂತ ಮೆಟ್ಟಿಲ ಹಾಗೆ ಬರುತ್ತಿದೆಯೇ ನೋಡಿಕೊಳ್ಳಿ. ನಾನು ಎರಡು ತಂತಿ ಅದಲು ಬದಲು ಮಾಡಿ ಒಂದು ಬೋರ್ಡಿನಿಂದ ಹೊಗೆ ಎಬ್ಬಿಸಿದೆ. ಎಷ್ಟಾದರೂ ಹಳೇ ಅಭ್ಯಾಸ, ಅಲ್ವಾ.

ಪ್ಯಾಕನ್ನು ಸ್ಲೀವ್‌ನಲ್ಲಿ ಸುತ್ತಿ, ಔಷಧಿ ನೀರು ಇಳಿಯದ ಹಾಗೆ ಮುಚ್ಚಳದ ಡಬ್ಬಿಯಲ್ಲಿ ಕೂರಿಸಿದೆ. ಹಳೇ ಲೆಡ್ ಬ್ಯಾಟರಿ ಎರಡೂವರೆ ಕೆಜಿ, ಇದು ಒಂದು ಕೆಜಿಯೂ ಇಲ್ಲ. 16 ಲೀಟರ್ ಹೊತ್ತವನಿಗೆ ಆ ವ್ಯತ್ಯಾಸ ಭುಜದಲ್ಲೇ ಗೊತ್ತಾಗುತ್ತದೆ. ಚಾರ್ಜರ್ ಬೇರೆಯದೇ ಬೇಕು, 12.6ಕ್ಕೆ ನಿಲ್ಲುವಂಥದ್ದು. ಹಳೇದು 14 ದಾಟುತ್ತದೆ. ಇದನ್ನು ಚಿಕ್ಕಪ್ಪನಿಗೆ ಮೂರು ಸಲ ಹೇಳಿದೆ. ನಾಲ್ಕನೇ ದಿನ ಹೋಗಿ ನೋಡಿದರೆ ಹಳೇ ಚಾರ್ಜರೇ ಸಿಕ್ಕಿಸಿದ್ದಾರೆ! ಬೋರ್ಡ್ ಕಟ್ ಮಾಡಿದ್ದರಿಂದ ಉಳಿಯಿತು. ಅವತ್ತೇ ಸಾಕೆಟ್ಟನ್ನೇ ಬೇರೆ ಥರದ್ದು ಹಾಕಿದೆ, ಈಗ ಹಳೇ ಪಿನ್ ಒಳಗೇ ಹೋಗುವುದಿಲ್ಲ. ಚಾರ್ಜು ಹಗಲು ಹೊತ್ತಿನಲ್ಲಿ, ಮನೆ ಹೊರಗಿನ ಕಲ್ಲು ಚಪ್ಪಡಿ ಮೇಲೆ, ಕಣ್ಣೆದುರಿಗೆ.

ಈಗ ಒಂದು ಚಾರ್ಜಿಗೆ 16 ಟ್ಯಾಂಕ್ ಹೊಡೆಯುತ್ತಾರೆ. ಕೊನೆಯ ಎರಡಕ್ಕೆ ಒತ್ತಡ ಸ್ವಲ್ಪ ಕಮ್ಮಿ. ಪಕ್ಕದ ತೋಟದವರು ಮೊನ್ನೆ ತಮ್ಮ ಮಷಿನ್ ತಂದಿಟ್ಟು, "ನಾಳೆ ಕೊಡ್ತೀಯೇನಪ್ಪಾ?" ಅಂದರು. ಎರಡು ವಾರದ ಮೇಲಾಗುತ್ತೆ ಅಂದೆ.

"ಎರಡು ವಾರ ಅದಕ್ಕೇನು ಮಾಡ್ತೀಯ?"

ನಾನು ಬಾಯಿ ತೆಗೆಯುವ ಮೊದಲೇ ಚಿಕ್ಕಪ್ಪ ಅಂದರು: "ಶೆಲ್ಫಲ್ಲಿ ಇಟ್ಕೊಂಡು ನೋಡ್ತಾ ಕೂತ್ಕೋತಾನೆ."