ಅಜ್ಜಿಯ ದನಿ ಇರುವ ಕ್ಯಾಸೆಟ್ಟನ್ನು ಮೊಬೈಲಿಗೆ ತರುವುದು ಹೇಗೆ?

ಬಳ್ಳಾರಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆ. ಹೋದ ಬೇಸಿಗೆಯಲ್ಲಿ ಅದನ್ನು ಇಳಿಸಿ ನೋಡಿದಾಗ 41 ಕ್ಯಾಸೆಟ್ ಸಿಕ್ಕವು. ಹೆಚ್ಚಿನವು ಅಂಗಡಿಯಿಂದ ತಂದ ಸಿನಿಮಾ ಹಾಡು, ದಾಸರ ಪದ. ಆರರ ಮೇಲೆ ಮಾತ್ರ ನೀಲಿ ಪೆನ್ನಿನಲ್ಲಿ ಅಪ್ಪನ ಅಕ್ಷರ. ಒಂದರ ಮೇಲೆ ಹೀಗೆ ಬರೆದಿದ್ದರು: ‘ಅವ್ವ – ಬೀಸೋ ಪದ, ಸೋಬಾನೆ. ಅಳಿಸಬಾರದು.’

ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಇದ್ದರೆ, ಕೈಬರಹ ಇರುವ ಕ್ಯಾಸೆಟ್ಟುಗಳನ್ನೇ ಮೊದಲು ಬೇರೆ ಇಡಿ. ಸಿನಿಮಾ ಹಾಡು ಮೊಬೈಲಿನಲ್ಲಿ ಯಾವಾಗ ಬೇಕಾದರೂ ಸಿಗುತ್ತದೆ. ಅಜ್ಜಿಯ ದನಿ ಇರುವುದು ಆ ಒಂದು ರೀಲಿನಲ್ಲಿ ಮಾತ್ರ.

ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದದ್ದು 1963ರಲ್ಲಿ. 80ರ ದಶಕದ ಹೊತ್ತಿಗೆ ನಮ್ಮ ಕಡೆ ಹಳ್ಳಿಗಳಿಗೂ ಟೇಪ್ ರೆಕಾರ್ಡರ್ ಬಂದಿತ್ತು. ಅದರಲ್ಲಿ ಒಂದು ಕೆಂಪು ಗುಂಡಿ ಇರುತ್ತಿತ್ತು. ಆ ಗುಂಡಿ ಒತ್ತಿ ಜನ ಮದುವೆಯ ಸೋಬಾನೆ, ಮೊಹರಂನ ರಿವಾಯತ್ ಪದ, ರಾತ್ರಿಯಿಡೀ ನಡೆದ ಬಯಲಾಟ, ಗುಡಿಯ ಭಜನೆ ಎಲ್ಲವನ್ನೂ ತುಂಬಿಟ್ಟರು. ಆಮೇಲೆ ಸಿಡಿ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡುವ ಅಂಗಡಿಗಳು ಬಂದವು. ಈಗ ಟ್ರ್ಯಾಕ್ಟರಿನಲ್ಲೂ ಪೆನ್‌ಡ್ರೈವ್ ಹಾಡುತ್ತದೆ. ಹಾಡು ಕೇಳುವುದು ಬಹಳ ಸುಲಭವಾಯಿತು. ನಮ್ಮವರ ಹಾಡನ್ನು ನಾವೇ ತುಂಬಿಡುವ ರೂಢಿ ಮಾತ್ರ ಕಡಿಮೆಯಾಯಿತು ಎಂದು ನನಗೆ ಅನ್ನಿಸುತ್ತದೆ. ಮೊಬೈಲಿನಲ್ಲೂ ಆ ಗುಂಡಿ ಇದೆ, ಅಲ್ವಾ?

ಇರಲಿ, ಕೆಲಸಕ್ಕೆ ಬರೋಣ.

ಮೊದಲು ಕಿಂಡಿ ನೋಡಿ

ಕ್ಯಾಸೆಟ್ಟಿನ ರೀಲು ಕಾಣುವ ಅಂಚಿಗೆ ಎದುರಿನ ಅಂಚಿನಲ್ಲಿ, ಎರಡು ತುದಿಗೂ ಒಂದೊಂದು ಕಿಂಡಿ, ಅದಕ್ಕೆ ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದನ್ನು ಮುರಿದರೆ ಆ ಸೈಡಿನ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಮುರಿಯದೆ ಉಳಿದಿದ್ದರೆ ಈಗಲೇ ಎರಡನ್ನೂ ಮುರಿಯಿರಿ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಚಿಕ್ಕವನಿದ್ದಾಗ ರೇಡಿಯೋದ ಕ್ರಿಕೆಟ್ ಕಾಮೆಂಟರಿ ತುಂಬಿಕೊಳ್ಳಲು ಹೋಗಿ ಅತ್ತೆಯ ಮದುವೆಯ ಸೋಬಾನೆಯನ್ನು ಅರ್ಧ ಅಳಿಸಿಬಿಟ್ಟಿದ್ದೆ. ಅಪ್ಪ ಬೈಯಲಿಲ್ಲ. ಮರುದಿನ ಉಳಿದ ಕ್ಯಾಸೆಟ್ಟುಗಳ ಮುಚ್ಚಳ ಮುರಿದು, ‘ಅಳಿಸಬಾರದು’ ಎಂದು ಬರೆದಿಟ್ಟರು.

ಆಮೇಲೆ ಬೆಳಕಿಗೆ ಹಿಡಿದು ನೋಡಿ. ರೀಲಿನ ಸುತ್ತುಗಳ ಮೇಲೆ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಹಾಕಲೇಬೇಡಿ, ಪ್ಲೇಯರ್ ಮೂಲಕ ಬೇರೆ ಕ್ಯಾಸೆಟ್ಟಿಗೂ ಅದು ಹತ್ತುತ್ತದೆ. ರೀಲು ಹಾಯುವ ಅಂಚಿನ ನಡುವೆ ತಾಮ್ರ ಬಣ್ಣದ ಪಟ್ಟಿಯ ಮೇಲೆ ಬೆರಳ ಉಗುರಿಗಿಂತ ಚಿಕ್ಕ ಮೆತ್ತೆಯೊಂದು ಅಂಟಿಕೊಂಡಿರುತ್ತದೆ. ರೀಲನ್ನು ಹೆಡ್ಡಿಗೆ, ಅಂದರೆ ಪ್ಲೇಯರಿನಲ್ಲಿ ರೀಲಿನ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಗೋಂದು ಒಣಗಿ ಅದು ಉದುರಿದ್ದರೆ ದನಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಹಾಳಾದ ಬೇರೆ ಕ್ಯಾಸೆಟ್ಟಿನಿಂದ ಮೆತ್ತೆ ತೆಗೆದು ಹಾಕಬಹುದು.

ವರ್ಷಗಟ್ಟಲೆ ಸುತ್ತಿಟ್ಟ ರೀಲು ಒಂದಕ್ಕೊಂದು ಅಂಟಿರಬಹುದು. ಪೆನ್ಸಿಲ್ ತೂರಿಸಿ ಎರಡು ಸುತ್ತು ಕೈಯಿಂದಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಪ್ಲೇಯರಿಗೆ ಹಾಕಿ, ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ಆದರೆ ಅದಕ್ಕೂ ಮೊದಲು ಪ್ಲೇಯರ್ ಚೊಕ್ಕ ಮಾಡಬೇಕು.

ಪ್ಲೇಯರ್ ಚೊಕ್ಕ ಮಾಡುವುದು

ರೀಲಿನ ಕಂದು ಬಣ್ಣ ಕಬ್ಬಿಣದ ಆಕ್ಸೈಡಿನದು. ನಮ್ಮ ಸಂಡೂರಿನ ಮಣ್ಣನ್ನು ಕೆಂಪಾಗಿಸಿರುವುದೂ ಕಬ್ಬಿಣದ ಆಕ್ಸೈಡೇ. ಹಳೆಯ ರೀಲಿನಿಂದ ಅದು ಸಣ್ಣಗೆ ಉದುರಿ ಹೆಡ್ಡಿನ ಮೇಲೆ ಕೂರುತ್ತದೆ. ಕಿವಿ ಒರೆಸುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್, ಅದರ ಪಕ್ಕದ ಉಕ್ಕಿನ ಕಡ್ಡಿ, ರಬ್ಬರ್ ಗಾಲಿ ಮೂರನ್ನೂ ಒರೆಸಿ. ಹತ್ತಿಕಡ್ಡಿ ಕಂದಾಗುವುದು ನಿಲ್ಲುವವರೆಗೂ ಒರೆಸಿ. ಚೆನ್ನಾಗಿ ಒಣಗಲಿ.

ಈಗ ಅಂಗಡಿಯ ಒಂದು ಸಿನಿಮಾ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಿ. ಅಜ್ಜಿಯ ಕ್ಯಾಸೆಟ್ಟನ್ನು ಯಾವತ್ತೂ ಮೊದಲು ಹಾಕಬೇಡಿ. ಹಾಡು ಎಳೆದಂತೆ ಬಂದರೆ ಒಳಗಿನ ಬೆಲ್ಟ್ ಸಡಿಲವಾಗಿದೆ. ಹಳೇ ರಬ್ಬರ್ ಬೆಲ್ಟ್ ಕೆಲವು ಸಲ ಡಾಂಬರಿನಂತೆ ಕರಗಿರುತ್ತದೆ. ರೇಡಿಯೋ ರಿಪೇರಿಯವರು ಬದಲಾಯಿಸಿ ಕೊಡುತ್ತಾರೆ.

ವೈರು, ಕಂಪ್ಯೂಟರು

ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಎರಡೂ ತುದಿಗೆ ಪಿನ್ ಇರುವ ಆಕ್ಸ್ ವೈರು ಎಳೆಯಬೇಕು. ಲ್ಯಾಪ್‌ಟಾಪಿನಲ್ಲಿ ಒಂದೇ ತೂತಿದ್ದರೆ ಅದಕ್ಕೆ ನೇರವಾಗಿ ಸಿಕ್ಕಿಸಬೇಡಿ. ಅದು ಮೈಕಿಗೆ ಮಾಡಿದ್ದು, ದನಿ ಒಡೆಯುತ್ತದೆ. ಲೈನ್-ಇನ್ (ಪ್ಲೇಯರಿನಂಥ ಯಂತ್ರದ ದನಿ ಒಳಗೆ ತೆಗೆದುಕೊಳ್ಳುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಂದು ನಡುವೆ ಹಾಕಿ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು, ಅದು ಪುಕ್ಕಟೆ.

ಪ್ಲೇಯರಿನ ದನಿಯನ್ನು ಅರ್ಧಕ್ಕೆ ಇಡಿ. ಹಾಡಿನ ಅತಿ ಜೋರಾದ ಜಾಗ ಹುಡುಕಿ ಹಾಕಿ, ಆಡಾಸಿಟಿಯಲ್ಲಿ ದನಿಯ ಮಟ್ಟ ತೋರಿಸುವ ಮೀಟರು ಮೈನಸ್ 6 ಡೆಸಿಬಲ್ ಸುತ್ತ ನಿಲ್ಲುವಂತೆ ಹೊಂದಿಸಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಕೂಡಿಸಲು ಆಗುವುದಿಲ್ಲ.

ದನಿ ಇನ್ನೂ ಮಂದವಾಗಿದ್ದರೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ಗಮನಿಸಿ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸಿ. ಹಿಂದಿನ ‘ಶ್’ ಎಂಬ ಸದ್ದು ಚೂಪಾದ ಕಡೆ ನಿಲ್ಲಿಸಿ. ನಾನು ಹೀಗೆ ಮಾಡಿದಾಗ ಬೀಸುವ ಕಲ್ಲಿನ ಗರಗರ ಹಾಡಿನ ಹಿಂದಿನಿಂದ ಎದ್ದು ಬಂತು. ಅಲ್ಲಿಯವರೆಗೆ ಅದನ್ನು ಸುಮ್ನೆ ರೀಲಿನ ಗದ್ದಲ ಎಂದುಕೊಂಡಿದ್ದೆ.

60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಸೈಡಿಗೆ 30 ನಿಮಿಷ. ಅಷ್ಟು ಹೊತ್ತೂ ಕೂತೇ ಮಾಡಬೇಕು, ಅಡ್ಡದಾರಿ ಇಲ್ಲ. ಸೈಡ್ ಪೂರ್ತಿ ಒಂದೇ ಓಟದಲ್ಲಿ ತುಂಬಿಸಿ, ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲಾಗಿ ಇಡಿ. ನಿಮಿಷಕ್ಕೆ ಸುಮಾರು 10 ಎಂಬಿ, ಅಂದರೆ ಸೈಡಿಗೆ 300 ಎಂಬಿ ಬೇಕು. ಮೊಬೈಲಿಗೆ, ವಾಟ್ಸಾಪಿಗೆ ಅದರಿಂದಲೇ ಎಂಪಿ3 ಪ್ರತಿ ಮಾಡಿಕೊಳ್ಳಿ. 128 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ 1 ಎಂಬಿಯಷ್ಟೇ.

ಏನನ್ನೂ ಕತ್ತರಿಸಬೇಡಿ

ಕೆಲವು ವರ್ಷದ ಹಿಂದೆ ಇದೇ ಕ್ಯಾಸೆಟ್ಟನ್ನು ಒಂದು ಅಂಗಡಿಗೆ ಕೊಟ್ಟು ಸಿಡಿ ಮಾಡಿಸಿದ್ದೆ. ಅವರು ಹಾಡಿನ ನಡುವಿನ ಮಾತನ್ನೆಲ್ಲ ತೆಗೆದು, ಗದ್ದಲ ತೊಳೆದು ಕೊಟ್ಟರು. ಕೇಳಿದರೆ ಅಜ್ಜಿ ಬಾವಿಯೊಳಗಿಂದ ಹಾಡಿದಂತಿತ್ತು. ಕ್ಯಾಸೆಟ್ ವಾಪಸ್ ತಂದಿದ್ದೆ, ಪುಣ್ಯ. ಈ ಸಲ ನಾನೇ ತುಂಬಿಸಿದಾಗ ಎರಡನೇ ಪದ ಮುಗಿದ ಮೇಲೆ ಅಜ್ಜಿ ಕೆಮ್ಮಿ, ‘ಒಂಚೂರು ಮಜ್ಜಿಗಿ ಕೊಡವ್ವಾ’ ಎಂದದ್ದು ಕೇಳಿಸಿತು. ನನಗೆ ಇಡೀ ಕ್ಯಾಸೆಟ್ಟಿನಲ್ಲಿ ಬೇಕಾಗಿದ್ದದ್ದೇ ಆ ಮಾತು. ಮೂಲ ಫೈಲನ್ನು ಹಾಗೇ ಬಿಟ್ಟು, ಗದ್ದಲ ತೆಗೆಯುವುದಿದ್ದರೆ ಇನ್ನೊಂದು ಪ್ರತಿಯಲ್ಲಿ ಮಾಡಿ.

ಫೈಲಿಗೆ ಹೆಸರಿಡುವಾಗ ಹಾಡಿದವರು, ಊರು, ಗೊತ್ತಿದ್ದರೆ ವರ್ಷ, ಎ ಸೈಡೋ ಬಿ ಸೈಡೋ ಎಲ್ಲ ಬರೆಯಿರಿ. ಮೊಬೈಲ್ ಒಂದನ್ನೇ ನಂಬಬೇಡಿ. ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಊರಿನ ನೆಂಟರ ಮನೆಯಲ್ಲಿ ಒಂದು ಪ್ರತಿ ಇರಲಿ. ಕ್ಯಾಸೆಟ್ಟನ್ನೂ ಎಸೆಯಬೇಡಿ. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲಿಗೆ ತಗಡಿನ ಟ್ರಂಕ್ ಒಳ್ಳೆಯದಲ್ಲ. ಕೆಳಗಿನ ಕೋಣೆಯ ಮರದ ಕಪಾಟಿನಲ್ಲಿ, ಸ್ಪೀಕರಿನಿಂದ ದೂರ, ಪುಸ್ತಕದಂತೆ ನಿಲ್ಲಿಸಿ ಇಡಿ.

ಹಿರಿಯರಿಗೆ ಬೇಗ ಕೇಳಿಸಿ. ನಮ್ಮ ಕ್ಯಾಸೆಟ್ಟಿನಲ್ಲಿ ಅಜ್ಜಿಗೆ ಸೊಲ್ಲು ಹಿಡಿಯುವ ಇನ್ನೊಂದು ದನಿ ಇತ್ತು. ಯಾರದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕೊಪ್ಪಳದಲ್ಲಿರುವ ದೊಡ್ಡಮ್ಮನಿಗೆ ಫೋನಿನಲ್ಲೇ ಹಾಕಿ ಕೇಳಿಸಿದೆ. ಅವರು ಒಂದು ಸಾಲು ಪೂರ್ತಿ ಕೇಳುವ ಮೊದಲೇ ಹೆಸರು ಹೇಳಿದರು. ಪಕ್ಕದ ಮನೆಯಾಕೆಯಂತೆ, ಮಜ್ಜಿಗೆ ತಂದುಕೊಟ್ಟವಳೂ ಅವಳೇ ಇರಬೇಕಂತೆ. ಫೈಲಿನ ಹೆಸರಿಗೆ ಅವಳ ಹೆಸರನ್ನೂ ಸೇರಿಸಿದ್ದೇನೆ.