ಪ್ಲಾಸ್ಟಿಕ್ ಡಬ್ಬದಲ್ಲಿ ಲ್ಯಾಪ್ ಕಲಿತದ್ದು: ಕೋವಿಡ್ ಕಾಲದ ನನ್ನ ಅನುಭವ

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ನಾನು ಎಂ.ಎಸ್. ಜನರಲ್ ಸರ್ಜರಿ ಎರಡನೇ ವರ್ಷ. ಹರ್ನಿಯಾ, ಗಾಲ್‌ಬ್ಲ್ಯಾಡರ್ (ಪಿತ್ತಕೋಶ) ಆಪರೇಷನ್ ಎಲ್ಲಾ ಮುಂದಕ್ಕೆ ಹೋದವು. ಲ್ಯಾಪ್ (ಲ್ಯಾಪರೋಸ್ಕೋಪಿ: ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ತೂತುಗಳಲ್ಲಿ ಕ್ಯಾಮೆರಾ, ಇನ್‌ಸ್ಟ್ರುಮೆಂಟ್ ಹಾಕಿ ಮಾಡುವ ಆಪರೇಷನ್) ಮಾಡಿದರೆ ಗ್ಯಾಸ್ ಜೊತೆ ವೈರಸ್ ಹೊರಬರುತ್ತೆ ಅನ್ನೋ ಭಯ ಬೇರೆ, ಹಾಗಾಗಿ ಅಪೆಂಡಿಕ್ಸ್ ಕೂಡ ಓಪನ್ನೇ, ಅಂದರೆ ಹೊಟ್ಟೆ ಕೊಯ್ದೇ. ನಾವು ಪಿಪಿಇ ಹಾಕಿಕೊಂಡು ಕೋವಿಡ್ ವಾರ್ಡಿನಲ್ಲಿ ಆಕ್ಸಿಜನ್ ನೋಡುತ್ತಿದ್ದೆವು. ಲಾಗ್‌ಬುಕ್ (ಮಾಡಿದ ಆಪರೇಷನ್‌ಗಳ ದಾಖಲೆ) ತಿಂಗಳುಗಟ್ಟಲೆ ಖಾಲಿ.

ಬಾಕ್ಸ್ ಟ್ರೇನರ್‌ಗೆ (ಲ್ಯಾಪ್ ಅಭ್ಯಾಸ ಮಾಡುವ, ಒಳಗೆ ಕ್ಯಾಮೆರಾ ಇರುವ ಪೆಟ್ಟಿಗೆ) ಕೋಟೇಶನ್ ಕೇಳಿದೆ. ನಲವತ್ತು ಸಾವಿರದ ಮೇಲೆ. ಪ್ಲಾಸ್ಟಿಕ್ ಡಬ್ಬದಲ್ಲಿ ನಾನೇ ಮಾಡ್ತೀನಿ ಅಂದಾಗ ಯೂನಿಟ್ಟಿನಲ್ಲಿ ಎಲ್ಲರೂ ನಕ್ಕರು. "ಸುಮ್ನೆ ಥೀಸಿಸ್ ಬರಿ ಹೋಗು" ಅಂದರು ಸೀನಿಯರ್.

ಮೊದಲು ಫೋನನ್ನೇ ಕ್ಯಾಮೆರಾ ಮಾಡಿ, ವೈಫೈನಲ್ಲಿ ಟಿವಿಗೆ ಹಾಕಿದೆ. ಚಿತ್ರ ಅರ್ಧ ಸೆಕೆಂಡು ತಡ. ಪೆಗ್ ಟ್ರಾನ್ಸ್‌ಫರ್ (ಉಂಗುರಗಳನ್ನು ಒಂದು ಗೂಟದಿಂದ ಇನ್ನೊಂದಕ್ಕೆ ಸಾಗಿಸೋ ಅಭ್ಯಾಸ) ಮಾಡುವಾಗ ಉಂಗುರ ಡಬ್ಬದಲ್ಲಿ ಬಿದ್ದು ಸದ್ದಾದ ಮೇಲೆ ಟಿವಿಯಲ್ಲಿ ಬೀಳುತ್ತಿತ್ತು! ಆಮೇಲೆ ಒಳ್ಳೆಯ ಆಟೋಫೋಕಸ್ ವೆಬ್‌ಕ್ಯಾಮ್ ತಂದೆ. ಇನ್‌ಸ್ಟ್ರುಮೆಂಟ್ ಎದುರು ಬಂದರೆ ಅದನ್ನೇ ಹಿಡಿಯುತ್ತೆ, ಹಿಂದಿನ ಸೂಜಿ ಮಸುಕು. ಎರಡು ಸಾವಿರ ಚಿಲ್ಲರೆ ನೀರಿನಲ್ಲಿ ಹೋಮ. ಕೊನೆಗೆ ಕೆಲಸಕ್ಕೆ ಬಂದದ್ದು ಏಳೆಂಟುನೂರರ, ಕೈಯಲ್ಲಿ ತಿರುಗಿಸಿ ಫೋಕಸ್ ಮಾಡುವ ಹಳೆ ಮಾದರಿ ವೆಬ್‌ಕ್ಯಾಮ್.

ಡಬ್ಬಕ್ಕೆ ಡ್ರಿಲ್ ಹಾಕಬೇಡಿ, ಸೀಳುತ್ತೆ. ಕಾದ ಕಬ್ಬಿಣದಲ್ಲಿ ತೂತು ಮಾಡಿ. ಎರಡು ಇನ್‌ಸ್ಟ್ರುಮೆಂಟ್‌ಗಳ ತುದಿಗಳು ಸೇರುವಲ್ಲಿ ಅರವತ್ತು ಡಿಗ್ರಿ ಹತ್ತಿರ ಬರಬೇಕು. ಇನ್‌ಸ್ಟ್ರುಮೆಂಟ್ ಅರ್ಧ ಒಳಗೆ, ಅರ್ಧ ಹೊರಗೆ ಇರಬೇಕು. ಗಿಡ್ಡ ಡಬ್ಬ ತಂದರೆ ಕೈ ಮೇಲಕ್ಕೆ ಹೋಗಿ ಭುಜ ನೋವು. ಪೋರ್ಟಿಗೆ (ಇನ್‌ಸ್ಟ್ರುಮೆಂಟ್ ಹೋಗುವ ತೂತಿಗೆ) ಬೈಕಿನ ಹಳೆ ಟ್ಯೂಬ್ ಹಾಕಿದೆ. ಅದನ್ನು ಹೇಗೆ ಸೀಳಿದರೆ ಹೊಟ್ಟೆಯ ಗೋಡೆಯಷ್ಟೇ ಬಿಗಿ ಸಿಗುತ್ತೆ ಅನ್ನೋದು ನಮ್ಮ ಹಾಸ್ಟೆಲ್ ಗುಟ್ಟು, ಇರಲಿ ಬಿಡಿ. ಇನ್ಸುಲೇಶನ್ ಕಿತ್ತುಹೋದ ಗ್ರಾಸ್ಪರ್, ಮೇರಿಲ್ಯಾಂಡ್ (ಹಿಡಿಯುವ, ಬಿಡಿಸುವ ಇಕ್ಕಳಗಳು) ಓಟಿಯಿಂದ (ಆಪರೇಷನ್ ಥಿಯೇಟರ್) ಪುಕ್ಕಟೆ ಸಿಕ್ಕವು. ಕರೆಂಟ್ ಹಾಯಿಸದಿದ್ದರೆ ಅವಕ್ಕೇನು ಕಮ್ಮಿ? ದಾರ ಅವಧಿ ಮುಗಿದ ವಿಕ್ರಿಲ್. ನೀಡಲ್ ಹೋಲ್ಡರ್ (ಸೂಜಿ ಹಿಡಿಯುವ ಇನ್‌ಸ್ಟ್ರುಮೆಂಟ್) ಮಾತ್ರ ದುಡ್ಡು ಕೊಟ್ಟು ತಂದೆ, ನಾಲ್ಕು ಸಾವಿರದ ಆಸುಪಾಸು. ಎಲ್ಲಾ ಸೇರಿ, ದಂಡ ಆದದ್ದೂ ಹಿಡಿದು, ಒಂಬತ್ತು ಸಾವಿರ ದಾಟಿಲ್ಲ.

ನಡುವೆ ಒಂದು ಹುಚ್ಚು ಹತ್ತಿತು, ಮೇಕೆಯ ಲಿವರ್ ತಂದು ಡಬ್ಬದೊಳಗೇ ಗಾಲ್‌ಬ್ಲ್ಯಾಡರ್ ತೆಗೆಯೋದು. ಪಿತ್ತ ಒಡೆದರೆ ಲಿವರ್ ಕಹಿಯಾಗುತ್ತೆ ಅಂತ ಮಟನ್ ಅಂಗಡಿಯವರು ಅದನ್ನು ಮೊದಲೇ ಕಿತ್ತು ಎಸೀತಾರೆ. ಬೆಳಿಗ್ಗೆಯೇ ಹೋಗಿ ಹೇಳಿಡಬೇಕು. ಲಿವರ್ ಕೆಳಗೆ ಅಲ್ಯೂಮಿನಿಯಂ ಫಾಯಿಲ್, ಅದಕ್ಕೆ ಕರೆಂಟ್ ವಾಪಸ್ ಹೋಗುವ ಪ್ಲೇಟ್ ತಗುಲಿಸಿ, ಕಾಟರಿ (ಕರೆಂಟಿನಿಂದ ಸುಟ್ಟು ಕತ್ತರಿಸೋದು) ಕೊಟ್ಟೆವು (ಇದಕ್ಕೆ ಇನ್ಸುಲೇಶನ್ ಗಟ್ಟಿ ಇರುವ ಹುಕ್, ಅಂದರೆ ಕೊಕ್ಕೆ ತುದಿಯ ಇನ್‌ಸ್ಟ್ರುಮೆಂಟ್, ಬೇಕು). ಹೊಗೆ ತುಂಬಿ ಕ್ಯಾಮೆರಾ ಕುರುಡು, ವಾಸನೆಗೆ ಅಕ್ಕಪಕ್ಕದ ರೂಮಿನವರು ಜಗಳಕ್ಕೆ ಬಂದರು. ಆದರೂ ಗಾಲ್‌ಬ್ಲ್ಯಾಡರನ್ನು ಲಿವರ್ ಮೇಲಿನ ಅದರ ಬೆಡ್ಡಿನಿಂದ ಬಿಡಿಸುವ ಹದ ಕೈಗೆ ಹತ್ತಿದ್ದು ಅದರಲ್ಲೇ. ಹಾಗಂತ ಕ್ಯಾಲೋಟ್ ತ್ರಿಕೋಣ (ಗಾಲ್‌ಬ್ಲ್ಯಾಡರ್‌ನ ನಾಳ, ರಕ್ತನಾಳ ಇರುವ ಜಾಗ) ಅಂಟಿಕೊಂಡ ಕೇಸಿಗೆ ಈ ಪಾಠ ಸಾಲದು.

2021ರಲ್ಲಿ ಪ್ರಾಕ್ಟೀಸಿಗೆ ಸಮಯವೇ ಕಷ್ಟ. ಎಂ.ಎಸ್. ಸೇರುವ ಪ್ರವೇಶ ಪರೀಕ್ಷೆ ನೀಟ್ ಪಿಜಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ ಹೋಯಿತು, ಕೌನ್ಸೆಲಿಂಗ್ 2022ರ ಜನವರಿಗೆ. ಹೊಸ ಜೂನಿಯರ್‌ಗಳೇ ಇಲ್ಲ. ಡ್ರೆಸ್ಸಿಂಗ್, ರಕ್ತ ಎಳೆಯೋದು ಎಲ್ಲಾ ನಮ್ಮ ತಲೆಗೇ. ರಾತ್ರಿ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಆದರೂ ಒಳಗೆ ಗಂಟು ಹಾಕಲು ಮೊದಲು ಹತ್ತು ನಿಮಿಷ ಬೇಕಾಗುತ್ತಿದ್ದದ್ದು ಎರಡರ ಒಳಗೆ ಬಂತು. ಪೆಗ್ ಟ್ರಾನ್ಸ್‌ಫರ್‌ಗೆ ಎಫ್‌ಎಲ್‌ಎಸ್ (ಲ್ಯಾಪ್ ಮೂಲ ಕೌಶಲಗಳ ಅಮೆರಿಕದ ತರಬೇತಿ, ಪರೀಕ್ಷೆ) ಪರಿಣತಿ ಗುರಿ 48 ಸೆಕೆಂಡು. ನಾನು ಐವತ್ತರ ಆಚೀಚೆ.

ಎಲೆಕ್ಟಿವ್ (ತುರ್ತಲ್ಲದ) ಕೇಸ್ ಮತ್ತೆ ಶುರುವಾದಾಗ ಸರ್ ಸ್ವಲ್ಪ ಹೊತ್ತು ನೋಡಿ, ಹುಕ್ ನನ್ನ ಕೈಗೇ ಬಿಟ್ಟರು. ಥೀಸಿಸ್ ಬರಿ ಅಂದಿದ್ದ ಸೀನಿಯರ್ ಮರುವಾರ ಡಬ್ಬ ಕೇಳಿಕೊಂಡು ಬಂದರು. ಕೊಟ್ಟೆ, ನೀಡಲ್ ಹೋಲ್ಡರ್ ಬಿಟ್ಟು.

ಒಂದು ಕೊರತೆ ಉಳಿದಿದೆ. ಡಬ್ಬದ ಕ್ಯಾಮೆರಾ ನಿಂತಲ್ಲೇ ಇರುತ್ತೆ, 30 ಡಿಗ್ರಿ ಓರೆಯಾಗಿ ನೋಡುವ ಟೆಲಿಸ್ಕೋಪ್ ಹಿಡಿಯೋದನ್ನು ಓಟಿಯಲ್ಲಿ ಬೈಸಿಕೊಂಡೇ ಕಲಿಯಬೇಕು. ಅದಕ್ಕೆ ಪಿವಿಸಿ ಪೈಪಿನ ತುದಿಗೆ ಸಣ್ಣ ಕ್ಯಾಮೆರಾ ಓರೆಯಾಗಿ ಕೂರಿಸಿ ನೋಡ್ತಾ ಇದ್ದೀನಿ. ಪೈಪ್ ತಿರುಗಿಸಿದರೆ ಚಿತ್ರವೂ ಜೊತೆಗೇ ತಿರುಗುತ್ತೆ, ಇನ್ನೂ ಬಗೆಹರಿದಿಲ್ಲ.