ಕಲ್ಲುದ್ವೀಪದ ಮಗ್ಗುಲಲ್ಲಿ ಲಂಗರು: ಜಾಗ ಆರಿಸುವುದು ಹೇಗೆ?

ಮಲ್ಪೆಯಿಂದ ಐದಾರು ಕಿಲೋಮೀಟರ್ ದೂರದಲ್ಲಿ ಬಡಗು–ತೆಂಕು ಸಾಲಾಗಿ ನಿಂತಿವೆ ಸೇಂಟ್ ಮೇರೀಸ್ ದ್ವೀಪಗಳು, ಊರವರ ಬಾಯಲ್ಲಿ ತೋನ್ಸೆಪಾರ್. ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ತಣಿದು ಕಂಬಗಳಾದ ಕಲ್ಲು. ಹಾಯಿದೋಣಿಯಲ್ಲಿ ಹೋದವರ ಕಣ್ಣು ಮೊದಲು ಬೀಳುವುದು ಆ ಕಂಬಗಳ ಮೇಲೆ. ಆದರೆ ಅವು ನೀರಿನಂಚಿಗೆ ಮುಗಿಯುವುದಿಲ್ಲ, ನೀರೊಳಗೂ ಮುಂದುವರಿಯುತ್ತವೆ; ರಾತ್ರಿ ಗಾಳಿ ತಿರುಗಿದರೆ ದೋಣಿ ಅವುಗಳತ್ತಲೇ ಸರಿಯುತ್ತದೆ. ಹಾಗಾಗಿ ಸಂಜೆ ಐದು ಗಂಟೆಯ ಚಂದ ನೋಡಿ ಲಂಗರು ಇಳಿಸುವವರು ಬೆಳಗಿನ ಜಾವ ಮೂರಕ್ಕೆ ನಿದ್ದೆಗೆಡುತ್ತಾರೆ. ಜಾಗ ಆರಿಸಬೇಕಾದದ್ದು ಆ ಮೂರು ಗಂಟೆಯ ಗಾಳಿಗೆ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಏಪ್ರಿಲ್–ಮೇ ತಿಂಗಳಲ್ಲಿ ಘಟ್ಟದ ಕಡೆಯಿಂದ ಸಂಜೆಗೆ ಗುಡುಗು ಮಳೆ ಬಂದರೆ ಗಾಳಿ ಒಮ್ಮೆಲೇ ಮೂಡಣದಿಂದ ಬಡಿಯುತ್ತದೆ. ಆಗ ರಾತ್ರಿ ತಂಗುವ ಯೋಚನೆ ಬಿಡಿ. ಮಳೆಗಾಲದ ಮಾತೇ ಬೇಡ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಎಲ್ಲರೂ ನೋಡುವುದು ಅಲೆಯ ಎತ್ತರ ಮಾತ್ರ. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸೆಕೆಂಡುಗಳನ್ನೂ ನೋಡಿ. ದಕ್ಷಿಣ ಸಾಗರದಿಂದ ಬರುವ ಉದ್ದನೆಯ ಸ್ವೆಲ್‌ನ (ದೂರದ ಗಾಳಿಯಿಂದೆದ್ದು ಬರುವ ಉರುಳಲೆಯ) ಅಂತರ 15 ಸೆಕೆಂಡ್ ದಾಟಿದ್ದರೆ, ಎತ್ತರ ಒಂದು ಮೀಟರಿಗಿಂತ ಕಡಿಮೆಯಿದ್ದರೂ ಅದು ದ್ವೀಪದ ಎರಡೂ ತುದಿಗಳನ್ನು ಬಳಸಿ ಮರೆಯ ಬದಿಗೆ ಬರುತ್ತದೆ. ಉದ್ದ ಹೆಚ್ಚಿದಷ್ಟೂ ಅಲೆ ಆಳದಲ್ಲೇ ತಳವನ್ನು ತಾಗಿ ಹೆಚ್ಚು ಬಾಗುತ್ತದೆ. ಎರಡು ಕಡೆಯಿಂದ ಬಂದ ಅಲೆಗಳು ಕೂಡುವ ಜಾಗದಲ್ಲಿ ದೋಣಿ ಇಡೀ ರಾತ್ರಿ ಮಗ್ಗುಲಿಂದ ಮಗ್ಗುಲಿಗೆ ಹೊರಳುತ್ತದೆ, ಗಾಳಿ ಒಂದಿಷ್ಟೂ ಇಲ್ಲದಿದ್ದರೂ.

ಹೋಗುವ ವಿಷಯವನ್ನು ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ತಿಳಿಸಿ. ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆ ಫೋನಿನಲ್ಲಿರಲಿ. ತಂಗುವುದೇನಿದ್ದರೂ ದೋಣಿಯಲ್ಲಿ, ದ್ವೀಪದ ಮೇಲಲ್ಲ.

ಯಾವ ಬದಿ?

ಮಧ್ಯಾಹ್ನದ ಗಾಳಿ ಪಡುವಣ–ವಾಯವ್ಯದಿಂದ, ಸ್ವೆಲ್ ನೈಋತ್ಯದಿಂದ. ಆದ್ದರಿಂದ ಮರೆ ಸಿಗುವುದು ದ್ವೀಪದ ಮೂಡು ಬದಿಯಲ್ಲಿ. ಈ ದ್ವೀಪಗಳು ತಗ್ಗು. ಗಾಳಿಯನ್ನು ತಡೆಯಲಾರವು, ಅಲೆಯನ್ನಷ್ಟೇ ಮುರಿಯುತ್ತವೆ. ಅದೂ ಇಳಿತದಲ್ಲಿ. ಭರತದಲ್ಲಿ ತಗ್ಗಿನ ಬಂಡೆಸಾಲು ಮುಳುಗಿ ಅಲೆ ಅದರ ಮೇಲಿಂದಲೇ ದಾಟಿ ಬರಬಹುದು. ಇಳಿತದಲ್ಲಿ ಕೊಳದಂತೆ ಕಂಡ ಜಾಗವನ್ನು ಭರತದ ಲೆಕ್ಕ ಹಾಕದೆ ನಂಬಬೇಡಿ.

ರಾತ್ರಿ ನೆಲ ತಣಿದಂತೆ ಗಾಳಿ ತಿರುಗಿ ಮೂಡಣದಿಂದ ಬೀಸತೊಡಗುತ್ತದೆ. ಮೆಲ್ಲನೆಯ ಗಾಳಿಯೇ, ಆದರೆ ದೋಣಿ ಅರ್ಧ ಸುತ್ತು ತಿರುಗಿ, ಸಂಜೆ ಮುಂದಿದ್ದ ಬಂಡೆ ಈಗ ಹಿಂದೆ ಬಂದು ನಿಲ್ಲುತ್ತದೆ. ಲಂಗರು ಎದುರು ದಿಕ್ಕಿನ ಸೆಳೆತಕ್ಕೆ ಕಳಚಿ ಮತ್ತೆ ಕಚ್ಚಬೇಕು. ಕಚ್ಚದಿದ್ದರೆ ಕಲ್ಲೇ ಗತಿ. ಆದ್ದರಿಂದ ಸುತ್ತಲೂ, ಅದರಲ್ಲೂ ದ್ವೀಪದ ಕಡೆ, ತಿರುಗಾಟಕ್ಕೆ ಜಾಗ ಇರಲೇಬೇಕು.

ನಿಶ್ಶಬ್ದ ಬೇಕಿದ್ದರೆ ಬಂದರಿನ ಬಾಯಿಯ ದರಿಯಾ ಬಹಾದ್ದೂರ್‌ಗಡ ದ್ವೀಪದ ಸುತ್ತ ಹುಡುಕಬೇಡಿ. ಟ್ರಾಲ್ ಬೋಟುಗಳಿಗೆ ಹೊತ್ತುಗೊತ್ತಿಲ್ಲ. ಪ್ರವಾಸಿ ಬೋಟುಗಳು ಸಂಜೆಗೆ ಹಿಂತಿರುಗುತ್ತವೆ, ಅವುಗಳ ಕಾಟ ಅಷ್ಟಕ್ಕೇ. ಎರಡು ದ್ವೀಪಗಳ ನಡುವಿನ ಸಂದಿನ ಎದುರೂ ಬೇಡ. ಸ್ವೆಲ್ ನುಗ್ಗುವ ಬಾಗಿಲು ಅದು.

ತಳ ನೋಡಿ

ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರೊಳಗೆ ತಲುಪಿ. ಪಡುವಣಕ್ಕೆ ಮುಖ ಮಾಡಿ ಒಳಹೋಗುವಾಗ ಸೂರ್ಯ ಬೆನ್ನ ಹಿಂದಿದ್ದರೆ ಬಂಡೆಯ ಕಪ್ಪು ನೆರಳು ಕಾಣುತ್ತದೆ. ಮಧ್ಯಾಹ್ನ ಮೂರರ ಮೇಲೆ ನೀರಿನ ಹೊಳಪಷ್ಟೇ ಕಾಣುವುದು. ನೀರು ಕದಡಿದ್ದರೆ ಕಣ್ಣಿನಿಂದ ಏನೂ ಆಗದು. ಎರಡು ಕಿಲೋ ಸೀಸದ ಗುಂಡಿಗೆ ಹಗ್ಗ ಕಟ್ಟಿ, ಮೀಟರಿಗೊಂದು ಗಂಟು ಹಾಕಿ, ಗುಂಡಿನ ತಳಕ್ಕೆ ಗ್ರೀಸ್ ಮೆತ್ತಿ ಇಳಿಸಿ. ಮೇಲೆತ್ತಿದಾಗ ಗ್ರೀಸಿನಲ್ಲಿ ಮರಳು ಅಂಟಿದ್ದರೆ ಒಳ್ಳೆಯದು, ಬೂದು ಕೆಸರು ಬಂದರೂ ಸರಿ. ಏನೂ ಅಂಟದೆ ಗೀರು ಮಾತ್ರ ಬಿದ್ದಿದ್ದರೆ ಕೆಳಗಿರುವುದು ಕಲ್ಲು, ಮುಂದೆ ಹೋಗಿ. ನಾಲ್ಕೈದು ಕಡೆ ಹೀಗೆ ನೋಡಿ, ಒಂದೇ ಕಡೆ ನೋಡಿ ತೃಪ್ತಿಪಡಬೇಡಿ.

ನಂತರ ಎಂಜಿನ್ ನಿಧಾನಕ್ಕಿಟ್ಟು ಹತ್ತು ನಿಮಿಷ ಅಲ್ಲೇ ಇರಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಹುಸಿ ನೆಮ್ಮದಿ. ಮರೆಬದಿಯ ಬಂಡೆಗಳಲ್ಲೂ ನೊರೆ ಮೇಲೇರುತ್ತಿದ್ದರೆ ಅಲೆ ಬಳಸಿ ಬರುತ್ತಿದೆ ಎಂದೇ ಅರ್ಥ.

ಮುರುಡೇಶ್ವರದ ಕಡೆಯ ನೇತ್ರಾಣಿ ದ್ವೀಪದಂಥ ಹವಳದ ತಳದಲ್ಲಿ ಲಂಗರೇ ಬೇಡ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಮುರಿದದ್ದು ಬೆಳೆಯಲು ವರ್ಷಗಳೇ ಬೇಕು.

ಹಗ್ಗದ ಲೆಕ್ಕ

ಇಳಿತದಲ್ಲಿ 4 ಮೀಟರ್ ಆಳ, ಭರತ ಏರುವುದು 1.5 ಮೀಟರ್, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್: ಒಟ್ಟು 6.5. ಪೂರ್ತಿ ಸರಪಳಿಯಾದರೆ ಇದರ ಐದು ಪಟ್ಟು, ಅಂದರೆ ಸುಮಾರು 33 ಮೀಟರ್ ಬಿಡಿ. ಹಗ್ಗವಾದರೆ ಏಳು ಪಟ್ಟು, 46 ಮೀಟರ್. ಅದಕ್ಕೂ ಲಂಗರಿನ ಬಳಿ ನಾಲ್ಕೈದು ಮೀಟರ್ ಸರಪಳಿ ಇರಲಿ. ಹಗ್ಗ ಗಿಡ್ಡವಾದರೆ ಸೆಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ. 8 ಮೀಟರ್ ದೋಣಿ 46 ಮೀಟರ್ ಹಗ್ಗದಲ್ಲಿ ಸುತ್ತುವಾಗ ಎಲ್ಲ ದಿಕ್ಕಿಗೂ 55 ಮೀಟರ್ ಬಯಲು ಬೇಕು.

ಲಂಗರನ್ನು ಎಸೆಯದೆ ಇಳಿಸಿ, ಹಿಂದಕ್ಕೆ ಸರಿಯುತ್ತಾ ಹಗ್ಗ ಬಿಡಿ, ಕೊನೆಗೆ ಎಂಜಿನ್ ರಿವರ್ಸ್‌ನಲ್ಲಿ ನಿಧಾನವಾಗಿ ಬಲ ಏರಿಸಿ ಅರ್ಧ ನಿಮಿಷ ಎಳೆಯಿರಿ. ಹಗ್ಗ ಮುಟ್ಟಿದಾಗ ಗಡಗಡ ನಡುಗಿದರೆ ಲಂಗರು ಜಾರುತ್ತಿದೆ. ಬಿಗಿಯಾಗಿ ಸ್ಥಿರವಾಗಿದ್ದರೆ ಕಚ್ಚಿದೆ.

ಜಾರಿದ್ದು ತಿಳಿಯಲು 1901ರ ಕಾಪು ದೀಪಸ್ತಂಭವನ್ನು ಗುರುತಿಟ್ಟುಕೊಳ್ಳುವವರಿದ್ದಾರೆ. ಅದು ತೀರಾ ದೂರ. 40 ಮೀಟರ್ ಜಾರಿದರೂ ದಿಕ್ಸೂಚಿಯಲ್ಲಿ ವ್ಯತ್ಯಾಸ ಕಾಣದು. ಹಗಲಲ್ಲಿ ಹತ್ತಿರದ ಎರಡು ಬಂಡೆಗಳನ್ನು ಒಂದೇ ನೇರಕ್ಕೆ ತಂದು ನೋಡಿ, ರಾತ್ರಿಗೆ ದೋಣಿ ಜಾಗ ಬಿಟ್ಟರೆ ಕೂಗುವ ಜಿಪಿಎಸ್ ಅಲಾರಂ ಇಡಿ. ಸುತ್ತಲೂ ಕಾಣುವ ಬಿಳಿ ದೀಪ ಬೆಳಗಿರಲಿ, ಬೆಳಕಿರುವಾಗಲೇ ಹೊರಹೋಗುವ ದಿಕ್ಕನ್ನು ಬರೆದಿಡಿ.

ಕಲ್ಲಿಗೆ ಸಿಕ್ಕಿಕೊಂಡರೆ

ಕಂಬಗಳ ಸಂದಿಗೆ ಲಂಗರು ತೂರಿದರೆ ಮೇಲಿಂದ ಎಳೆದು ಪ್ರಯೋಜನವಿಲ್ಲ. ಅದಕ್ಕೇ ಇಳಿಸುವ ಮೊದಲೇ ಲಂಗರಿನ ತಲೆಯ ಬದಿಗೆ, ಅಂದರೆ ಕೊಕ್ಕೆಗಳಿರುವ ತುದಿಗೆ, 8 ಮಿಲಿಮೀಟರ್ ಹಗ್ಗ ಕಟ್ಟಿ, ತುದಿಗೆ ಬೆಂಡು ತೇಲಿಬಿಡಿ; ಉದ್ದ ಭರತದ ಆಳಕ್ಕಿಂತ ಎರಡು ಮೀಟರ್ ಹೆಚ್ಚು. ಬೆಂಡಿನ ಮೇಲೆ ‘ಲಂಗರು’ ಎಂದು ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಬಲೆಯ ಬೆಂಡೆಂದು ಯಾರಾದರೂ ಎತ್ತಿಯಾರು. ಆ ಹಗ್ಗ ಎಳೆದರೆ ಲಂಗರು ಹೊಕ್ಕ ದಾರಿಯಲ್ಲೇ ಹಿಂದೆ ಬರುತ್ತದೆ. ಬಾರದಿದ್ದರೆ ಇಳಿತದಲ್ಲಿ ಹಗ್ಗ ಬಿಗಿದು ಕಟ್ಟಿ, ಭರತ ದೋಣಿಯನ್ನು ಎತ್ತುವವರೆಗೆ ಕಾಯಿರಿ. ಮೂತಿ ತಗ್ಗತೊಡಗಿದರೆ ತಕ್ಷಣ ಸಡಿಲಿಸಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಅದಕ್ಕೂ ಬಗ್ಗದಿದ್ದರೆ ಹಗ್ಗದ ತುದಿಗೆ ಬೆಂಡು ಕಟ್ಟಿ ಬಿಟ್ಟು ಬನ್ನಿ, ಮುಳುಗುಗಾರರನ್ನು ಕರೆದುಕೊಂಡು ಹೋಗಿ ತೆಗೆಸಬಹುದು.